ಪಂಡಿತಾ ರಮಾಬಾಯಿಯವರು

ನಮ್ಮ ದೇಶದ ಹೆಣ್ಣುಮಕ್ಕಳು ಅಕ್ಷರವನ್ನು ಕಲಿಯುವ ಮುಂಚೆಯೇ ಕಥೆಗಳನ್ನು ಕೇಳಿ ಬೆಳೆಯುತ್ತಾರೆ. ಸತಿಯಾದವಳ ನಡತೆ ಹೇಗಿರಬೇಕು, ವಿಧವೆಯು ಯಾವ ಪಾಪದ ಫಲವನ್ನು ಉಣ್ಣುತ್ತಿರುವಳು, ಯಾವ ಕುಲವು ಮೇಲು, ಯಾವುದು ಕೀಳು ಎಂಬಿವೆಲ್ಲವೂ ಬಹುಮಟ್ಟಿಗೆ ಕಥೆಗಳ ಮೂಲಕವೇ ಮನಸ್ಸಿನಲ್ಲಿ ನೆಲೆಯೂರುತ್ತವೆ. ಆದರೆ ಆ ಕಥೆಗಳನ್ನು ಹೇಳಿದವರು ಯಾರು, ಅವುಗಳಿಂದ ಯಾರಿಗೆ ಅಧಿಕಾರವು ದೊರೆಯಿತು, ಯಾರು ಬಾಯಿ ಮುಚ್ಚಿಕೊಂಡಿರಬೇಕಾಯಿತು ಎಂದು ವಿಚಾರಿಸುವವರು ವಿರಳ. ತಾವು ಹಾಗೆ ವಿಚಾರಿಸಿದ್ದಲ್ಲದೆ ಇತರ ಸ್ತ್ರೀಯರಿಗೂ ಆ ಶಕ್ತಿಯನ್ನು ಕೊಡುವುದಕ್ಕಾಗಿ ಆಯುಷ್ಯವನ್ನು ಸವೆಸಿದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಾಯಿತಂದೆಗಳ ಮುಂದೆ ಸಂಕ್ಷೇಪವಾಗಿ ಇಡಲು ಆಶಿಸುತ್ತೇವೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಅಡವಿಯೊಳಗಿನ ಗಂಗಾಮೂಲದಲ್ಲಿ ಜನಿಸಿದರು. ಮಹಾರಾಷ್ಟ್ರವು ಅವರ ಕರ್ಮಭೂಮಿಯಾದರೂ ಜನ್ಮಭೂಮಿಯು ನಮ್ಮ ಕನ್ನಡನಾಡೇ ಎಂದು ನಾವು ಸಂತೋಷಪಡಬಹುದು. ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ಘನ ವಿದ್ವಾಂಸರು. ತಮ್ಮ ಗುರುಗಳು ಪೇಶವೆಯ ಪತ್ನಿಗೆ ಪಾಠ ಹೇಳುತ್ತಿದ್ದುದನ್ನು ಕಂಡಿದ್ದ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೂ ಸಂಸ್ಕೃತವನ್ನು ಕಲಿಸಿದರು. ಇದು ತಪ್ಪೆಂದು ಆಕ್ಷೇಪಣೆ ಎದ್ದುದರಿಂದ ಉಡುಪಿಯಲ್ಲಿ ವಿದ್ವಾಂಸರ ಮುಂದೆ ಉತ್ತರ ಹೇಳಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರಗಳನ್ನು ತೋರಿಸಿ ತಮ್ಮ ಪಕ್ಷವನ್ನು ಸಮರ್ಥಿಸಿದರು. ಹೀಗೆ ವಿದ್ಯೆಯನ್ನು ಪಡೆದ ಆ ತಾಯಿಯೇ ರಮಾಬಾಯಿಯವರಿಗೆ ಗುರುವಾದರು.

ಮಗಳು ಶಿಶುವಾಗಿದ್ದಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಪುರಾಣಪಠನವೇ ಅವರ ಜೀವನೋಪಾಯ. ದೇವಾಲಯಗಳಲ್ಲಿಯೂ ನದೀತೀರಗಳಲ್ಲಿಯೂ ಸಂಸ್ಕೃತ ಶ್ಲೋಕಗಳನ್ನು ಓದುವರು. ನೆರೆದ ಜನರು ಅರ್ಥವಾಗಲಿ ಆಗದಿರಲಿ, ಕೇಳುವುದೇ ಪುಣ್ಯವೆಂದು ಕೇಳಿ ಕಾಣಿಕೆಯಿತ್ತು ಹೋಗುವರು. ರಮಾಬಾಯಿಯವರೂ ಭಾಗವತವನ್ನು ಕಂಠಪಾಠ ಮಾಡಿ ಹೀಗೆ ಪಠಿಸುತ್ತಿದ್ದರು. ಮುಂದೆ ಬಂದ ಕ್ಷಾಮದಲ್ಲಿ, 1874ರ ಸುಮಾರಿಗೆ, ತಂದೆತಾಯಿಗಳು ತೀರಿಹೋದರು. ಅಣ್ಣ ಶ್ರೀನಿವಾಸರೊಡನೆ ಸಾವಿರಾರು ಮೈಲಿ ಕಾಲ್ನಡಿಗೆಯಿಂದ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು.

ಅಲ್ಲಿಯ ಪಂಡಿತರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತರು. ಶಾಸ್ತ್ರಗಳಲ್ಲಿ ಹೇಳಿರುವ ಸ್ತ್ರೀಧರ್ಮವನ್ನು ಅಂತಃಪುರದ ಸ್ತ್ರೀಯರಿಗೆ ಉಪದೇಶಿಸಬೇಕೆಂದು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗಲೇ ಅವರ ಕಣ್ಣು ತೆರೆಯಿತು. ಇತರ ವಿಷಯಗಳಲ್ಲಿ ಪರಸ್ಪರ ಭಿನ್ನವಾದ ಗ್ರಂಥಗಳು, ಹೆಣ್ಣನ್ನು ಹಳಿಯುವುದರಲ್ಲಿಯೂ ಆಕೆಗೂ ಶೂದ್ರರಿಗೂ ವೇದವನ್ನು ನಿಷೇಧಿಸುವುದರಲ್ಲಿಯೂ ಒಂದಾಗಿರುವುದನ್ನು ಅವರು ಕಂಡರು. ಇಷ್ಟು ವರ್ಷ ತಾವು ಪಠಿಸಿದ ಕಥೆಗಳಲ್ಲಿ ತಮಗೆ ಯಾವ ಸ್ಥಾನವಿತ್ತೆಂಬುದು ಆಗ ತಿಳಿಯಿತು. ಕೇಶವಚಂದ್ರ ಸೇನರು ಕೊಟ್ಟ ವೇದಗ್ರಂಥವನ್ನು, ಸ್ತ್ರೀಗೆ ಸಲ್ಲದೆಂಬ ಮಾತಿದ್ದರೂ, ತಾವೇ ಓದಿ ನೋಡಿದರು.

1880ರಲ್ಲಿ ಅವರು ಶೂದ್ರರೆನಿಸಿದ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಎರಡು ವರ್ಷ ತುಂಬುವುದರೊಳಗೆ ಪತಿಯು ತೀರಿಕೊಂಡರು. ಮಗಳು ಮನೋರಮೆ ಇನ್ನೂ ಹಸುಗೂಸು. ವಿಧವೆಯರ ಕಥೆಯು ಅವರದೇ ಕಥೆಯಾಯಿತು. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಸಾಕ್ಷ್ಯವಿತ್ತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ತೆರಳಿ ಅಲ್ಲಿ ಕ್ರೈಸ್ತ ದೀಕ್ಷೆಯನ್ನು ಹೊಂದಿದರು. ಆದರೆ ವಿಚಾರಬುದ್ಧಿಯನ್ನು ಯಾರಿಗೂ ಒಪ್ಪಿಸಿಬಿಡಲಿಲ್ಲ. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ, ಅವರು ಪುರುಷರಿಗೆ ಪಾಠ ಹೇಳಕೂಡದೆಂದು ಬಿಷಪ್ಪರು ಆಕ್ಷೇಪಿಸಿದರು. ರಮಾಬಾಯಿಯವರು ಇದನ್ನು ಒಪ್ಪದೆ, ಚರ್ಚಿನ ಹಿರಿಯರೊಡನೆಯೂ ಸ್ವಾತಂತ್ರ್ಯಕ್ಕಾಗಿ ವಾದಿಸಿದರು. 1886ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಮೇಲುಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಅಮೆರಿಕದ ವಿಷಯವಾಗಿ 1889ರಲ್ಲಿ ಮರಾಠಿಯಲ್ಲಿ ಬರೆದ ಗ್ರಂಥದಲ್ಲಿ ಅಲ್ಲಿಯ ಸ್ತ್ರೀಯರ ಕಾರ್ಯವನ್ನು ಮೆಚ್ಚಿಕೊಂಡರೂ, ಕರಿಯ ಜನರ ದಾಸ್ಯವನ್ನೂ ಮೂಲನಿವಾಸಿಗಳಿಗಾದ ಅನ್ಯಾಯವನ್ನೂ ಮರೆಮಾಚಲಿಲ್ಲ.

1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಮನೆಯಲ್ಲಿ ಅಮಂಗಳೆಯೆನಿಸಿ ಮೂಲೆ ಸೇರಿದ್ದ ಬಾಲವಿಧವೆಯರು ಅಲ್ಲಿ ಪುಸ್ತಕ ಹಿಡಿದು ಕುಳಿತರು. ಮೊದಲು ಬಂದ ವಿಧವೆಯಾದ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕರ್ವೆಯವರು ಇವರೇ.

ಆದರೆ 1893ರಲ್ಲಿಯೇ ಸದನಕ್ಕೆ ಸಂಕಟವೂ ಬಂದಿತು. ವಿದ್ಯೆಯ ನೆವದಿಂದ ಮತಾಂತರ ನಡೆಯುತ್ತಿದೆಯೆಂದು ಪತ್ರಿಕೆಗಳು ಬರೆದವು. ತಾವು ಯಾರನ್ನೂ ಬಲಾತ್ಕರಿಸುವುದಿಲ್ಲ, ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆದಿರುವುದಷ್ಟೇ ಎಂಬುದು ರಮಾಬಾಯಿಯವರ ಸಮಾಧಾನ. ಸಲಹಾ ಮಂಡಲಿಯ ಗಣ್ಯರು ದೂರ ಸರಿದರು. ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹಿಂದೆ ಸರಸ್ವತಿಯೆಂದು ಹೊಗಳಿಸಿಕೊಂಡವರೇ ಈಗ ದ್ರೋಹಿಯೆನಿಸಿದರು. ಈ ವಾದದಲ್ಲಿ ಆ ಹುಡುಗಿಯರ ಇಷ್ಟವೇನೆಂದು ಕೇಳಿದವರು ಎಷ್ಟು ಮಂದಿ ಎಂಬುದನ್ನು ವಾಚಕರು ಯೋಚಿಸಬೇಕು.

1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಬಾಲೆಯರನ್ನು ಕರೆತಂದರು. ಬಾಲ್ಯದಲ್ಲಿ ತಾವೇ ಹಸಿದಿದ್ದ ಅವರಿಗೆ ಆ ಮಕ್ಕಳ ಸಂಕಟವು ಹೊಸತಾಗಿರಲಿಲ್ಲ. ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಅವರಿಗಾಗಿ ಏರ್ಪಟ್ಟ ಮುಕ್ತಿ ಸದನದಲ್ಲಿ, 1900ರ ಕ್ಷಾಮದ ತರುವಾಯ, ಎರಡು ಸಾವಿರದಷ್ಟು ಮಂದಿ ಆಶ್ರಯ ಪಡೆದರು. ಓದುಬರಹದೊಡನೆ ನೇಯ್ಗೆ, ಹೈನು, ಮುದ್ರಣ ಮೊದಲಾದ ಕೆಲಸಗಳನ್ನೂ ಕಲಿತರು. ಕುರುಡು ಬಾಲೆಯರು ಬ್ರೈಲ್ ಲಿಪಿಯನ್ನು ಕಲಿತರು. ಮುಂದೆ 1912ರ ಸುಮಾರಿಗೆ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ, ಒಂದು ಶಾಲೆಯು ಮನೋರಮೆಯವರ ನೇತೃತ್ವದಲ್ಲಿ ಆರಂಭವಾಯಿತು.

ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಬಡ ಹೆಂಗಸಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲನ್ನು ಭಾಷಾಂತರಿಸಿದರು. ಮುಕ್ತಿ ಸದನದ ಹುಡುಗಿಯರೇ ಮುದ್ರಣದ ಕೆಲಸ ಮಾಡಿದರು. ಅರ್ಥವಾಗದ ಶ್ಲೋಕಗಳನ್ನು ಕೈಮುಗಿದು ಕೇಳುತ್ತಿದ್ದ ಜನರನ್ನು ಬಾಲ್ಯದಲ್ಲಿ ಕಂಡಿದ್ದವರು, ಯಾವ ಗ್ರಂಥವನ್ನಾದರೂ ಕೇಳುವವಳು ತಾನೇ ಓದಿ ತೂಗಿ ನೋಡುವಂತಾಗಬೇಕೆಂದು ಬಯಸಿದ್ದು ಸಹಜವೇ ಸರಿ. 1921ರಲ್ಲಿ ಮಗಳನ್ನು ಕಳೆದುಕೊಂಡು, ಭಾಷಾಂತರವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ಅವರು ಸ್ವರ್ಗಸ್ಥರಾದರು.

ಸಮಾಜಸುಧಾರಣೆಯ ಚರಿತ್ರೆಗಳಲ್ಲಿ ಬಹುಕಾಲ ಅವರ ಹೆಸರು ಹಿಂದೆ ಬಿದ್ದಿತ್ತು. 1989ರಲ್ಲಿ ಭಾರತ ಸರ್ಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿತು. ಇದನ್ನು ನೆನೆದಾಗ, ಯಾರನ್ನು ನೆನೆಯಬೇಕು, ಯಾರನ್ನು ಮರೆಯಬೇಕು ಎಂದು ನಿರ್ಣಯಿಸುವುದೂ ಒಂದು ಅಧಿಕಾರವೇ ಎಂಬುದು ನಮಗೆ ಮನವರಿಕೆಯಾಗುತ್ತದೆ. ನಮ್ಮ ಶಾಲೆಯನ್ನು ಬಿಟ್ಟು ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ಸೋದರಿಯರು ಮಕ್ಕಳಿಗೆ ಕಥೆ ಹೇಳದೆ ಇರಲಾರರು, ಇರಲೂಬಾರದು. ಕಥೆ ಮುಗಿದ ಮೇಲೆ ಮಗುವು ಏಕೆ, ಯಾರು ಹೇಳಿದರು ಎಂದು ಕೇಳಿದರೆ ಗದರಿಸದೆ ಉತ್ತರವನ್ನು ಕೂಡಿ ಹುಡುಕಿರೆಂದು ಅವರಲ್ಲಿ ನಮ್ಮ ವಿಜ್ಞಾಪನೆ.