ಬಿಜಾಪುರದ ಕಾಲಡಿಗೆ ನೀರು ಹರಿಸಿದ ಬಾದಶಹ

ಉಗಾರ ಬುದ್ರುಕದವರಿಗೆ ಕೃಷ್ಣೆ ಮನೆ ಮುಂದಿನ ಹೊಳೆ. ಹೊಳಿ ತುಂಬಿ ಬಂದರೆ ಜೀವಭಯ, ಇಳಿದರೆ ಕಬ್ಬಿನ ಚಿಂತೆ. ಆದರೆ ಅಥಣಿ ದಾಟಿ ಮೂಡಲಕ್ಕೆ ಹೋದರೆ ಸಿಗುವ ಬಿಜಾಪುರಕ್ಕೆ ಆ ಭಾಗ್ಯವಿಲ್ಲ. ಊರೊಳಗೆ ನದಿ ಇಲ್ಲ, ಮಳೆ ನಂಬುವ ಹಾಗಿಲ್ಲ. ಅಂಥ ಊರಿಗೆ ನೆಲದೊಳಗಿಂದ ನೀರು ತಂದವನು ಒಂದನೆಯ ಅಲಿ ಆದಿಲಶಹ.

ಅಲಿ ಪಟ್ಟಕ್ಕೆ ಬಂದದ್ದು 1558ರಲ್ಲಿ. ಈ ಸೀಮೆಯೂ ಆಗ ಆದಿಲಶಾಹಿಗೇ ಸೇರಿತ್ತು. ಬಾದಶಹನಿಗೆ ಓದಿನ ಹುಚ್ಚು. ದಂಡಯಾತ್ರೆಗೆ ಹೊರಟರೂ ಪುಸ್ತಕದ ಪೆಟ್ಟಿಗೆಗಳು ಜೊತೆಗೇ ಇರಬೇಕು. ವಿಜಯನಗರದ ರಾಮರಾಯನ ಮಗ ತೀರಿಕೊಂಡಾಗ ತಾನೇ ಅಲ್ಲಿಗೆ ಹೋಗಿ ದುಃಖ ಹಂಚಿಕೊಂಡಿದ್ದ. ಮುಂದೆ ಕಾಲ ಬದಲಾಯಿತು. 1565ರಲ್ಲಿ ಉಳಿದ ಸುಲ್ತಾನರ ಜೊತೆ ಕೂಡಿ ಅದೇ ರಾಮರಾಯನ ಮೇಲೆ ಯುದ್ಧಕ್ಕೆ ನಿಂತ. ರಾಜಕಾರಣ ಅಂದರೆ ಅಂದಿಗೂ ಇಷ್ಟೇ!

ಗೆದ್ದ ಮೇಲೆ ರಾಜ್ಯ ಬೆಳೆಯಿತು, ರಾಜಧಾನಿಯೂ ಬೆಳೆಯಿತು. ಊರ ಸುತ್ತ ಸುಮಾರು 10 ಕಿ.ಮೀ. ಕೋಟೆ ಗೋಡೆ ಎದ್ದಿತು. ಜುಮ್ಮಾ ಮಸೀದಿ ಕಟ್ಟಲು ಶುರುವಾಯಿತು. ಗೋಡೆ ಕಟ್ಟಿದರಾಯಿತೇ? ಒಳಗಿನವರಿಗೆ ಕುಡಿಯಲು ನೀರು ಬೇಕಲ್ಲ! ವೈರಿ ಮುತ್ತಿಗೆ ಹಾಕಿದರೆ ಬಾಯಾರಿಕೆಯೇ ಕೋಟೆ ಬಾಗಿಲು ತೆಗೆಸುತ್ತದೆ.

ಉತ್ತರ ಸಿಕ್ಕದ್ದು ಊರಿನ ಪಡುವಲಿಗಿರುವ ತೊರವಿಯಲ್ಲಿ. ಅಲ್ಲಿಯ ಅಂತರ್ಜಲವನ್ನು ಸುರಂಗ ತೋಡಿ ಊರ ಕಡೆ ತಿರುಗಿಸಿದರು. ಪರ್ಶಿಯಾ ದೇಶದ ಈ ವಿದ್ಯೆಗೆ ಕರೇಜ ಅಂತ ಹೆಸರು. ಸುರಂಗಕ್ಕೆ ಸ್ವಲ್ಪವೇ ಇಳಿಜಾರು. ನಡುನಡುವೆ ಬಾವಿಯಂಥ ಬಾಯಿಗಳು. ಮಣ್ಣು ಮೇಲೆತ್ತಲಿಕ್ಕೆ, ಗಾಳಿ ಆಡಲಿಕ್ಕೆ, ಹೂಳು ತೆಗೆಯಲಿಕ್ಕೆ ಅವೇ ದಾರಿ. ಮೋಟಾರಿಲ್ಲ, ಕರೆಂಟಿಲ್ಲ, ನೀರು ತಾನಾಗಿಯೇ ಹರಿಯಬೇಕು. ನೆಲದಡಿಯ ನೀರು ಬಿಸಿಲಿಗೆ ಆರದು, ವೈರಿಯ ಕಣ್ಣಿಗೂ ಸುಲಭಕ್ಕೆ ಬೀಳದು.

1579ರಲ್ಲಿ ರಾಣಿ ಚಾಂದಬೀಬಿಯ ಹೆಸರಲ್ಲಿ ಚಾಂದ ಬಾವಡಿ ಎದ್ದಿತು. ಮರುವರ್ಷವೇ ಅಲಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ. ಅಣ್ಣತಮ್ಮಂದಿರ ಕುಡಿ, ಚಿಕ್ಕ ಹುಡುಗ ಇಬ್ರಾಹಿಂ ಪಟ್ಟಕ್ಕೆ ಬಂದ. ಅವನ ಹೆಸರಲ್ಲಿ ರಾಜ್ಯದ ಭಾರ ಹೊತ್ತವಳು ಚಾಂದಬೀಬಿ.

ನೀರಿನ ಕೆಲಸ ಮಾತ್ರ ನಿಲ್ಲಲಿಲ್ಲ. ಗೋಲಗುಮ್ಮಟದ ಮಹಮ್ಮದ ಆದಿಲಶಹ 1651ರಲ್ಲಿ ಬೇಗಂ ತಲಾಬ ಕಟ್ಟಿಸಿ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದ. ದಾರಿಯಲ್ಲಿ ಗಂಜ ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸುತ್ತಿದ್ದವು, ಕೆಸರು ತಳಕ್ಕೆ ಕೂಡುತ್ತಿತ್ತು.

1686ರಲ್ಲಿ ಔರಂಗಜೇಬ ಊರು ಗೆದ್ದ. ಸಾಕುವ ದೊರೆ ಹೋದ ಮೇಲೆ ಸುರಂಗ ಕೇಳುವವರಾರು? ಬಾಯಿಗಳಲ್ಲಿ ಮಣ್ಣು ಬಿತ್ತು, ಕಸ ಬಿತ್ತು, ಎಷ್ಟೋ ಕಡೆ ಜಾಡೇ ಅಳಿಯಿತು. ಉಳಿದ ಬಾಯಿಗಳ ಸಾಲು ಹಿಡಿದೇ ತಿಳಿದವರು ಹಳೆ ದಾರಿ ಹುಡುಕಬೇಕಾಯಿತು. 2017ರ ಸುಮಾರಿಗೆ ತಾಜ ಬಾವಡಿಯಂಥ ಹಳೆ ಬಾವಡಿಗಳ ಹೂಳು ತೆಗೆಸಿದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ದಖ್ಖನಿನ ಹಳೆ ನೀರಿನ ವ್ಯವಸ್ಥೆಗಳನ್ನು 2020ರ ತನ್ನ ಪಟ್ಟಿಗೆ ಸೇರಿಸಿತು.

ಪರದೇಶದವರ ಪಟ್ಟಿಗೆ ಬಂದದ್ದು ಸಂತೋಷ. ಆದರೆ ಸುರಂಗದ ಬಾಯಿಗೆ ಕಸ ಸುರಿಯುವ ಕೈ ಇಲ್ಲಿಯದೇ. ಬಾದಶಹ ಯುದ್ಧದಲ್ಲಿ ಗೆದ್ದ ರಾಜ್ಯ ಎಂದೋ ಹೋಯಿತು. ನೆಲದೊಳಗೆ ಬಿಟ್ಟುಹೋದ ಆಸ್ತಿಯನ್ನಾದರೂ ಉಳಿಸಿಕೊಂಡರೆ ಊರಿಗೇ ಲಾಭ.