ಪಂಜೆ ಮಂಗೇಶರಾಯರು: ಕಥೆಯ ಅರ್ಥವೂ ಶಾಲೆಯ ಪಾಠವೂ

ಮದರಾಸು ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪನೆಯಾದ ಮೇಲೆ, ಇಂದಿನ ಚೆನ್ನೈ ನಗರವು ದಕ್ಷಿಣ ಭಾರತದ ಬಹುಭಾಗದ ಶಿಕ್ಷಣವನ್ನು ಅಳೆಯುವ ತಕ್ಕಡಿಯಾಯಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾರ್ಥಿಯು ಮಂಗಳೂರಿನಲ್ಲಿ ಕುಳಿತು ಓದಿದರೂ ಅವನ ಪರೀಕ್ಷೆಯ ನಿಯಮಗಳು ಬರುತ್ತಿದ್ದುದು ಮದರಾಸಿನಿಂದಲೇ. ಶಾಲೆಗಳ ಪರಿವೀಕ್ಷಣೆಯ ವ್ಯವಸ್ಥೆಗೂ ಕೇಂದ್ರ ಅಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಕ್ಕಳ ಫಲಿತಾಂಶವನ್ನು ನೋಡಿ ಶಾಲೆಗೆ ಸಹಾಯಧನ ಕೊಡುವ ಪದ್ಧತಿಯೂ ಪ್ರಾಂತದಲ್ಲಿ ರೂಢಿಯಲ್ಲಿತ್ತು. ಇಂಥ ವ್ಯವಸ್ಥೆಯಲ್ಲಿ ಪದ್ಯವೆಂದರೆ ಅನ್ವಯ, ಪದವಿಭಾಗ, ತಾತ್ಪರ್ಯ. ಕಥೆಯೆಂದರೆ ಕಡೆಯಲ್ಲಿ ಬರುವ ನೀತಿವಾಕ್ಯ. ಈ ಕಟ್ಟಿನೊಳಗೇ ಹುಟ್ಟಿ, ಅದರೊಳಗೇ ಉದ್ಯೋಗಮಾಡಿ, ಕಥೆಗೂ ಓದುವ ಹುಡುಗನಿಗೂ ನಡುವೆ ಬೇರೊಂದು ಸಂಬಂಧವನ್ನು ಕಲ್ಪಿಸಿದವರು ಪಂಜೆ ಮಂಗೇಶರಾಯರು.

ಪಂಜೆಯವರು 1874ರ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಇದು ಪಂಜೆಯವರೊಬ್ಬರ ಸ್ಥಿತಿಯಲ್ಲ. ಆ ಜಿಲ್ಲೆಯ ಬಹುಮಂದಿ ಮಕ್ಕಳ ಪಾಲಿಗೆ ಕನ್ನಡವು ಕಲಿತು ಪಡೆಯಬೇಕಾದ ಭಾಷೆಯಾಗಿತ್ತು. ಪುಸ್ತಕದ ಕನ್ನಡವೇ ಅಪರಿಚಿತವಾಗಿರುವ ಮಗುವಿನ ಮುಂದೆ ಕಥೆಯ ಸಾರಾಂಶವನ್ನು ಒಪ್ಪಿಸೆಂದು ಕೇಳಿದರೆ ಅದು ಬಾಯಿಪಾಠಕ್ಕೆ ಶರಣಾಗುವುದು ಸಹಜ. ಪಂಜೆಯವರ ಬರವಣಿಗೆಯಲ್ಲಿ ನಾದಕ್ಕೆ, ಪುನರುಕ್ತಿಗೆ, ಪ್ರಶ್ನೋತ್ತರಕ್ಕೆ ದೊರೆತ ಪ್ರಾಧಾನ್ಯದ ಮೂಲವನ್ನು ಈ ಭಾಷಿಕ ಪರಿಸರದಲ್ಲಿ ಹುಡುಕುವುದು ಯುಕ್ತವಾಗಿದೆ.

ಎಫ್.ಎ. ವ್ಯಾಸಂಗದ ಅನಂತರ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಅಧ್ಯಾಪನವನ್ನು ಆರಂಭಿಸಿದರು. ಮುಂದೆ ಬಿ.ಎ. ಪದವಿಯನ್ನೂ ಅಧ್ಯಾಪಕರ ತರಬೇತಿಯ ಎಲ್.ಟಿ. ಪದವಿಯನ್ನೂ ಪಡೆದರು. ಪ್ರಾಂತದಲ್ಲಿ ಈ ತರಬೇತಿಗೆ ಪ್ರಧಾನ ನೆಲೆಯಾಗಿದ್ದುದು 1856ರಲ್ಲಿ ನಾರ್ಮಲ್ ಶಾಲೆಯಾಗಿ ಮೊದಲಾಗಿ ಸೈದಾಪೇಟೆಯಲ್ಲಿ ಬೆಳೆದ ಅಧ್ಯಾಪಕರ ಕಾಲೇಜು. ಹೀಗೆ ಮದರಾಸಿನ ಶಿಕ್ಷಣಶಾಸ್ತ್ರದ ಮುದ್ರೆಯನ್ನು ಪಡೆದ ಪಂಜೆಯವರು ಶಾಲೆಗಳ ಇನ್‌ಸ್ಪೆಕ್ಟರರಾಗಿ, ಅಧ್ಯಾಪಕರ ತರಬೇತಿ ಶಾಲೆಯ ಶಿಕ್ಷಕರಾಗಿ ಇಲಾಖೆಯ ಬೇರೆ ಬೇರೆ ಹುದ್ದೆಗಳಲ್ಲಿ ದುಡಿದರು. ಕೊಡಗಿಗೆ ಹೋಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆದರು. ಹುತ್ತರಿ ಹಬ್ಬದ ಹಾಡು ಆ ವಾಸ್ತವ್ಯದ ಫಲ.

ಇದೇ ಕಾಲದ ಮದರಾಸು ನಗರದಲ್ಲಿ ಸಾಹಿತ್ಯಬೋಧನೆಯ ಇನ್ನೊಂದು ಪ್ರಬಲ ಮಾದರಿ ರೂಪುಗೊಂಡಿತ್ತು. ಕ್ರಿಶ್ಚಿಯನ್ ಕಾಲೇಜನ್ನು ಕಟ್ಟಿ ಬೆಳೆಸಿದ, 1901ರಿಂದ ಕೆಲವು ವರ್ಷ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ವಿಲಿಯಂ ಮಿಲ್ಲರ್ ಅವರು ಷೇಕ್ಸ್‌ಪಿಯರನ ದುರಂತ ನಾಟಕಗಳನ್ನು ಒಂದೊಂದು ಕೇಂದ್ರಾಶಯದ ಬೆಳಕಿನಲ್ಲಿ ವಿವರಿಸಿದರು. ಅವರ ಗ್ರಂಥಗಳ ಹೆಸರುಗಳೇ ಈ ಕ್ರಮವನ್ನು ಸಾರುತ್ತವೆ: ಲಿಯರ್ ನಾಟಕಕ್ಕೆ ಭಾರತದ ರಾಜಕೀಯ, ಮ್ಯಾಕ್‌ಬೆತ್‌ಗೆ ಆತ್ಮನಾಶ, ಒಥೆಲೊಗೆ ಶೀಲದ ಕುಸಿತ, ಹ್ಯಾಮ್ಲೆಟ್‌ಗೆ ಬದುಕಿನ ಅಪವ್ಯಯ. ಬಿಡಿ ಬಿಡಿ ಪದಗಳ ಅರ್ಥದಲ್ಲಿಯೇ ತೊಡಗಿದ್ದ ವಿದ್ಯಾರ್ಥಿಗೆ ಕೃತಿಯನ್ನು ಸಮಗ್ರವಾಗಿ ಕಾಣಲು ಕಲಿಸಿದ್ದು ಈ ಕ್ರಮದ ಹಿರಿಮೆ. ಆದರೆ ಕೇಂದ್ರಾಶಯವನ್ನು ಗುರುವೇ ಮುಂದಾಗಿ ಹೆಸರಿಸಿದಾಗ, ಶಿಷ್ಯನಿಗೆ ಉಳಿಯುವುದು ಅದಕ್ಕೆ ಪುರಾವೆ ಕೂಡಿಸುವ ಕೆಲಸವಷ್ಟೆ. ಇದು ಆ ಕ್ರಮದ ಮಿತಿ. ಈ ಮಿತಿಯು ಪ್ರಾಯದ ಕಾಲೇಜು ವಿದ್ಯಾರ್ಥಿಗಿಂತ ಶಾಲೆಯ ಹುಡುಗನಿಗೆ ಹೆಚ್ಚು ಬಾಧಕವಾದುದು.

ಪಂಜೆಯವರು ಈ ವಿಷಯವನ್ನು ಕುರಿತ ಸಿದ್ಧಾಂತಕಾರರಲ್ಲ. ಅವರ ನಿಲುವು ತಿಳಿಯುವುದು ಅವರ ಕಥೆಗಳಿಂದ. 1900ರಲ್ಲಿ ಆರಂಭವಾದ ‘ಸುವಾಸಿನಿ’ ಪತ್ರಿಕೆಯ ಕಾಲದಲ್ಲಿ ಅವರು ಬರೆದ ‘ನನ್ನ ಚಿಕ್ಕತಾಯಿ’, ‘ಕಮಲಾಪುರದ ಹೊಟ್ಲಿನಲ್ಲಿ’ ಮೊದಲಾದವು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ಸಾಹಿತ್ಯಚರಿತ್ರೆಯಲ್ಲಿ ಗಣನೆಗೆ ಬಂದಿವೆ. ಅಲ್ಲಿ ಕಾಣುವ ತಿಳಿಹಾಸ್ಯ, ಉಪದೇಶದ ಬಗೆಗಿನ ಸಂಕೋಚ, ಮಾತಿನ ಲಯದ ಮೇಲಿನ ಹಿಡಿತ ಇವೇ ಮುಂದೆ ಮಕ್ಕಳ ಕಥೆಗಳಿಗೆ ಇಳಿದುಬಂದವು. 1921ರಲ್ಲಿ ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಅವರು ನೆಲೆಗೊಳಿಸಿದ ಬಾಲಸಾಹಿತ್ಯ ಮಂಡಲವು ಈ ಕೆಲಸಕ್ಕೆ ಸಂಸ್ಥೆಯ ರೂಪವನ್ನು ಕೊಟ್ಟಿತು.

‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು ಇಲ್ಲಿ ನಿದರ್ಶನವಾಗಿ ಪರಿಶೀಲಿಸಬಹುದು. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲವೆಂಬ ಕರಾವಳಿಯ ಮನೆಯಂಗಳದ ಸಂಗತಿಯಿಂದ ಹೊರಟ ಪ್ರಶ್ನೆಯು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಕೇಳಿದವರೆಲ್ಲರೂ ಹೊಣೆಯನ್ನು ಮತ್ತೊಬ್ಬರ ಮೇಲಿಡುತ್ತ, ಕಾರಣಗಳ ಸರಪಳಿಯು ಕಡೆಗೆ ಇರುವೆಯನ್ನು ಮುಟ್ಟುತ್ತದೆ. ಹೊಣೆ ಜಾರಿಸುವ ಮನುಷ್ಯಸ್ವಭಾವ, ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಅಗೋಚರ ನಂಟು, ಕಾರಣವನ್ನು ಅರಸುವ ಬುದ್ಧಿಯ ಹಟ ಇವೆಲ್ಲ ಈ ಪುಟ್ಟ ಕಥೆಯಲ್ಲಿ ಅಡಗಿವೆ. ಆದರೆ ಇವುಗಳನ್ನು ಹೆಸರಿಸುವ ವಾಕ್ಯ ಬೇಕಾಗುವುದಿಲ್ಲ. ಪ್ರಶ್ನೆಯ ಆವರ್ತನೆಯಲ್ಲಿ ಮಗುವು ತಾನೇ ಮುಂದಿನ ಪ್ರಶ್ನೆಯನ್ನು ಕೇಳತೊಡಗುವುದು; ಹಾಗೆ ಕೇಳಿದ ಕ್ಷಣದಲ್ಲಿಯೇ ಕಥೆಯ ವಸ್ತುವು ಅದಕ್ಕೆ ವಶವಾಗುವುದು. ಪಾಶ್ಚಾತ್ಯ ಐತಿಹ್ಯವೊಂದನ್ನು ಆಧರಿಸಿದ ‘ಇಲಿಗಳ ತಕಥೈ’ ಕೃತಿಯಲ್ಲಿಯೂ ಹೆಸರಿಗೆ ಬಂದುದು ಕುಣಿತದ ಸೊಲ್ಲೇ ಹೊರತು ವಚನಭಂಗದ ನೀತಿಯಲ್ಲ.

ಪ್ರೌಢಶಾಲೆಯ ವಯಸ್ಸಿಗೆ ಒಪ್ಪುವ ‘ಕೋಟಿ ಚೆನ್ನಯ’ದಲ್ಲಿ ಈ ದೃಷ್ಟಿಯು ಮತ್ತಷ್ಟು ಹರವನ್ನು ಪಡೆದಿದೆ. ತುಳುನಾಡಿನ ಪಾಡ್ದನಗಳಲ್ಲಿ ಹರಿದುಬಂದ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯಕ್ಕೆ ತಂದರು. ಬುದ್ಯಂತನೊಡನೆ ಗದ್ದೆಯ ವಿಚಾರವಾಗಿ ಹುಟ್ಟಿದ ಕಲಹ, ವೀರರ ಸುರಗಿ, ಹುಟ್ಟಿದೂರನ್ನು ಬಿಟ್ಟುಹೋಗುವ ದಾರಿ ಇವು ಕಥೆಯ ಸಂಗತಿಗಳೂ ಹೌದು, ನ್ಯಾಯ ಮತ್ತು ಮಾನದ ಸಂಕೇತಗಳೂ ಹೌದು. ತುಳುನಾಡಿನ ವಿದ್ಯಾರ್ಥಿಗೆ ಗದ್ದೆಯ ಜಗಳವಾಗಲಿ ಗರಡಿಯಲ್ಲಿ ಪೂಜೆಗೊಳ್ಳುವ ಬೈದೆರುಗಳಾಗಲಿ ಹೊಸಬರಲ್ಲ. ತನಗೆ ಗೊತ್ತಿದ್ದ ವಸ್ತುವೇ ಗೊತ್ತಿಲ್ಲದ ಅರ್ಥವನ್ನು ಹೊರುವುದನ್ನು ಅವನು ಇಲ್ಲಿ ಮೊದಲ ಬಾರಿಗೆ ಕಾಣುತ್ತಾನೆ. ಸಂಕೇತವೆಂಬುದು ಕೃತಿಯ ಮೇಲೆ ಹೊರಗಿನಿಂದ ಅಂಟಿಸಿದ ಚೀಟಿಯಲ್ಲವೆಂಬ ಅರಿವಿಗೆ ಇದಕ್ಕಿಂತ ಉತ್ತಮವಾದ ಪ್ರವೇಶ ದೊರೆಯುವುದು ಕಷ್ಟ.

ಸಂಕೇತಗಳನ್ನು ಅರಸುವ ಉತ್ಸಾಹವು ಪಂಜೆಯವರ ಕೃತಿಯನ್ನೇ ಪರೀಕ್ಷೆಗೆ ಒಡ್ಡಿದ ಪ್ರಸಂಗವೂ ಉಂಟು. ತಲೆಮಾರುಗಳ ಕನ್ನಡ ಮಕ್ಕಳು ಶಾಲೆಯಲ್ಲಿ ಹಾಡಿದ ನಾಗರಹಾವಿನ ಪದ್ಯವು ಹಾವನ್ನು ಕರೆಯುವುದರಿಂದ ತೊಡಗಿ ಅದನ್ನು ಕಳುಹಿಸುವುದರಲ್ಲಿ ಮುಗಿಯುತ್ತದೆ. ಆ ಹಾವಿನಲ್ಲಿ ಪರಕೀಯ ಪ್ರಭುತ್ವದ ಸಂಕೇತವನ್ನು ಕಂಡ ಓದುಗರಿದ್ದಾರೆ. ಕವಿಯು ಅದೇ ಪ್ರಭುತ್ವದ ಶಿಕ್ಷಣ ಇಲಾಖೆಯ ನೌಕರರಾಗಿದ್ದರೆಂಬುದು ಈ ಓದಿಗೆ ಸ್ವಾರಸ್ಯವನ್ನು ಕೂಡಿಸುತ್ತದೆ. ಆದರೆ ಭಯವೂ ಬೆರಗೂ ಬೆರೆತ ಮನಸ್ಸಿನಿಂದ ಹೆಡೆಯೆತ್ತಿದ ಹಾವನ್ನು ದೂರದಿಂದ ನೋಡುವ ಮಗುವಿನ ಅನುಭವವು ಮೊದಲು ನಿಲ್ಲದಿದ್ದರೆ ಯಾವ ಸಂಕೇತಕ್ಕೂ ಇಲ್ಲಿ ನೆಲೆಯಿಲ್ಲ. ಹಾವು ಹಾವಾಗಿ ಕಂಡ ಮೇಲೆಯೇ ಅದು ಬೇರೊಂದಾಗಿ ಕಾಣಲು ಸಾಧ್ಯ. ತರಗತಿಯಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಿ, ಸಂಕೇತವನ್ನು ಟಿಪ್ಪಣಿಯಾಗಿ ಬರೆಸಿ, ಅನಂತರ ಪದ್ಯವನ್ನು ಓದಿಸಿದರೆ ಹಾವೂ ಉಳಿಯದು, ಅರ್ಥವೂ ಉಳಿಯದು.

ಹಾಗೆಂದು ಪಂಜೆಯವರನ್ನು ಶಾಸ್ತ್ರವಿಮುಖರೆಂದು ಭಾವಿಸುವುದು ಸರಿಯಲ್ಲ. ಕಿಟ್ಟೆಲ್ ಅವರು ಸಂಪಾದಿಸಿದ್ದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿ 1920ರಲ್ಲಿ ಹೊರತಂದವರು ಅವರೇ. ವ್ಯಾಕರಣದ ಇಂಥ ಕಠಿನ ಶ್ರಮವನ್ನು ಕೈಗೊಂಡವರು ಮಕ್ಕಳ ಕಥೆಯಲ್ಲಿ ಆ ಪಾಂಡಿತ್ಯದ ಸುಳಿವೂ ಕಾಣದಂತೆ ಬರೆದರೆಂಬುದು ಗಮನಾರ್ಹ. ‘ಕವಿಶಿಷ್ಯ’ ಎಂಬ ಕಾವ್ಯನಾಮವನ್ನು ಅವರು ಆರಿಸಿಕೊಂಡುದರಲ್ಲಿಯೂ ವಿನಯಕ್ಕಿಂತ ಮಿಗಿಲಾದ ಅರ್ಥವಿದೆ. ಗುರುಪೀಠದಲ್ಲಿ ಕುಳಿತವನು ಕೃತಿಯ ಮುಂದೆ ಶಿಷ್ಯನಾಗಿಯೇ ಉಳಿಯಬೇಕೆಂಬ ಧೋರಣೆ ಅದರಲ್ಲಿ ಅಡಕವಾಗಿದೆ.

ಅವರ ಶಿಷ್ಯಪರಂಪರೆಯಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅಗ್ರಗಣ್ಯರು. ಮಂಗಳೂರಿನಲ್ಲಿ ಪಂಜೆಯವರಿಂದ ಪಾಠ ಕೇಳಿದ ಪೈಗಳು ಬಿ.ಎ. ವ್ಯಾಸಂಗಕ್ಕಾಗಿ ಮದರಾಸಿಗೆ ತೆರಳಿ, ತಂದೆಯ ನಿಧನದಿಂದಾಗಿ ಪದವಿ ಮುಗಿಸದೆ ಮರಳಿದರು. ಪದವಿಯಿಲ್ಲದೆಯೂ ವಿದ್ವತ್ತಿನ ಶಿಖರವನ್ನೇರಿದ ಈ ಶಿಷ್ಯನ ಬದುಕು, ಪರೀಕ್ಷೆಯ ತಕ್ಕಡಿಯು ಎಲ್ಲವನ್ನೂ ತೂಗಲಾರದೆಂಬುದಕ್ಕೆ ಸಾಕ್ಷಿಯಾಗಿದೆ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಪಂಜೆಯವರಿಗೆ ಸಂದಿತು. ಮೂರು ವರ್ಷಗಳ ಅನಂತರ, 1937ರ ಅಕ್ಟೋಬರಿನಲ್ಲಿ, ಅವರು ಹೈದರಾಬಾದಿನಲ್ಲಿ ನಿಧನ ಹೊಂದಿದರು. 1956ರ ರಾಜ್ಯ ಪುನರ್ವಿಂಗಡಣೆಯಿಂದ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಿಂದ ಹೊರಬಂದಿತು. ಪಠ್ಯಕ್ರಮಗಳು ಎಷ್ಟೋ ಸಲ ಬದಲಾದವು. ಕಥೆಯ ಕೆಳಗೆ ಆಶಯವೇನು, ಸಂಕೇತವೇನು ಎಂದು ಕೇಳುವ ಪ್ರಶ್ನೆ ಮಾತ್ರ ಪ್ರಶ್ನಪತ್ರಿಕೆಗಳಲ್ಲಿ ಸ್ಥಿರವಾಗಿ ನಿಂತಿದೆ. ಆ ಪ್ರಶ್ನೆ ತಪ್ಪಲ್ಲ. ಅದನ್ನು ಯಾರು ಮೊದಲು ಕೇಳಬೇಕೆಂಬುದರ ಮೇಲೆ ಬೋಧನೆಯ ಬೆಲೆ ನಿಂತಿದೆ. ಸಿಗಡಿ ಯಾಕೆ ಒಣಗಲಿಲ್ಲವೆಂದು ಕೇಳುವ ಅಧಿಕಾರವನ್ನು ಪಂಜೆಯವರು ಮಗುವಿಗೇ ಬಿಟ್ಟುಕೊಟ್ಟರು. ಕನ್ನಡ ಅಧ್ಯಾಪಕರಿಗೆ ಅವರಿಂದ ದೊರೆತ ಬಳುವಳಿಗಳಲ್ಲಿ ಇದು ಮುಖ್ಯವಾದುದು.