ಜನಿವಾರ ಬೇಡವೆಂದ ಹುಡುಗ

12ನೇ ಶತಮಾನದ ಬಾಗೇವಾಡಿ. ಮಾದರಸ, ಮಾದಲಾಂಬಿಕೆ ದಂಪತಿಯ ಮನೆಯಲ್ಲಿ ಮಗನ ಉಪನಯನದ ತಯಾರಿ. ತನಗಿಂತ ದೊಡ್ಡವಳಾದ ಅಕ್ಕ ನಾಗಮ್ಮನಿಗೆ ಯಾಕಿಲ್ಲ ಎಂದು ಬಾಲಕ ಬಸವ ಕೇಳಿದ. ಹೆಣ್ಣಿಗಿಲ್ಲ ಎಂಬ ಉತ್ತರ ಬಂತು. ಹಾಗಾದರೆ ತನಗೂ ಬೇಡವೆಂದು ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದ. ನಮ್ಮ ಭಾಗದ ಮನೆಮನೆಯಲ್ಲೂ ಹೇಳುವ ಈ ಕಥೆಯನ್ನು ಜಾತಿಯ ವಿರುದ್ಧದ ಬಂಡಾಯವೆಂದಷ್ಟೇ ಓದುತ್ತೇವೆ. ಗಂಡೆಂಬ ಕಾರಣಕ್ಕೆ ಪುಕ್ಕಟೆ ಸಿಕ್ಕ ಹೆಚ್ಚುಗಾರಿಕೆಯನ್ನು ಹುಡುಗನೊಬ್ಬ ಬಿಟ್ಟುಕೊಟ್ಟದ್ದೂ ಅದರಲ್ಲಿದೆ.

ಮುಂದೆ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದರು. ಅವರ ಕಾಲದಲ್ಲಿ 30ಕ್ಕೂ ಹೆಚ್ಚು ಶರಣೆಯರು ವಚನ ಬರೆದರು. ಅಕ್ಕ ನಾಗಮ್ಮ, ಮಡದಿಯರಾದ ಗಂಗಾಂಬಿಕೆ, ನೀಲಾಂಬಿಕೆಯರೂ ಬರೆದರು. ಗಂಡಸರ ಹೊರೆಯೂ ಅಲ್ಲಿ ಹಗುರಾಯಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಕಳಿಸಿದಳು, ಆತ ಹೋಗಿ ಸುರಿದು ಬಂದ. ಹೆಚ್ಚು ತಂದವನೇ ಗಂಡಸು ಎಂಬ ಲೆಕ್ಕ ಆ ಮನೆಯಲ್ಲಿ ನಡೆಯಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಕೋಚಿಂಗಿಗೆ ಹೋಗಿ, ನೌಕರಿ ಸಿಗದೆ ಊರಿಗೆ ಬರಲು ನಾಚುವ ನಮ್ಮ ಗೆಳೆಯರಿಗೆ ಈ ಮಾರಯ್ಯನನ್ನು ಪರಿಚಯಿಸಬೇಕು.

ಕಲ್ಯಾಣ ಚದುರಿದಾಗ ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದರು. ಉಳವಿಯತ್ತ ಹೊರಟ ಶರಣರ ಗುಂಪಿನಲ್ಲಿ, ಮಗ ಚನ್ನಬಸವಣ್ಣನ ಜೊತೆ, ಜನಿವಾರ ಸಿಗದಿದ್ದ ಆ ಅಕ್ಕನೂ ಇದ್ದರು.